ಬೇವುಲ್ಫ್ ಯಾವ ದೇವರನ್ನು ನಂಬಿದ್ದ? ಯಾವ ಸಿನಿಮಾ ನೋಡಬೇಕೆಂದು ಯೋಚಿಸುವವರಿಗೆ

ಬೇವುಲ್ಫ್ ಹಳೆಯ ಇಂಗ್ಲಿಷ್ ಕಾವ್ಯವೊಂದರ ವೀರ; ಡೇನರನ್ನು ಕಾಡುವ ಗ್ರೆಂಡೆಲ್ ಎಂಬ ರಾಕ್ಷಸನನ್ನು ಸೋಲಿಸಿ, ಮುಪ್ಪಿನಲ್ಲಿ ಡ್ರ್ಯಾಗನ್ ಒಂದರೊಡನೆ ಹೋರಾಡಿ ಸಾಯುವವನು. ಅವನ ಕಥೆಯನ್ನು ತೆರೆಗೆ ತಂದವರು ಹಲವರು. ಆ ಸಿನಿಮಾಗಳಲ್ಲಿ ಗ್ರೆಂಡೆಲ್ ಎಷ್ಟು ಭಯಂಕರವಾಗಿದ್ದಾನೆ, ಕಾಳಗ ಎಷ್ಟು ಬಿರುಸಾಗಿದೆ ಎಂದು ತೂಗಿ ನೋಡುವುದು ಸುಲಭ. ನಾನು ತೂಗಬೇಕೆಂದಿರುವುದು ಬೇರೊಂದು ಸಂಗತಿಯನ್ನು. ಸಾವು ಎದುರಿಗೆ ನಿಂತಾಗ ಈ ವೀರ ಯಾರನ್ನು ನೆನೆಯುತ್ತಾನೆ? ದೇವರನ್ನೋ, ದೇವರುಗಳನ್ನೋ, ವಿಧಿಯನ್ನೋ, ತನ್ನ ತೋಳಿನ ಬಲವನ್ನೋ? ಮೂಲ ಕಾವ್ಯ ಇದಕ್ಕೆ ಕೊಡುವ ಉತ್ತರ ಅಪರೂಪದ್ದು. ಸಿನಿಮಾಗಳ ಉತ್ತರಗಳಾದರೋ ಒಂದಕ್ಕೊಂದು ಹೊಂದುವುದೇ ಇಲ್ಲ. ಹಾಗಾಗಿ ನೀವು ಯಾವ ಸಿನಿಮಾವನ್ನು ಆರಿಸಿಕೊಳ್ಳುತ್ತೀರೋ ಅದರ ಮೇಲೆ ನಿಮಗೆ ದಕ್ಕುವ ಬೇವುಲ್ಫ್ ಯಾರು ಎಂಬುದು ನಿಂತಿದೆ.

ಆರಿಸಲು ಯೋಗ್ಯವಾದವು ಮೂರು. ರಾಬರ್ಟ್ ಜೆಮೆಕಿಸ್ ನಿರ್ದೇಶಿಸಿದ 2007ರ 'ಬೇವುಲ್ಫ್', ಸ್ಟುರ್ಲಾ ಗುನ್ನಾರ್ಸನ್ ನಿರ್ದೇಶಿಸಿದ 2005ರ 'ಬೇವುಲ್ಫ್ ಆಂಡ್ ಗ್ರೆಂಡೆಲ್', ಜಾನ್ ಮೆಕ್‌ಟಿಯರ್ನನ್ ನಿರ್ದೇಶಿಸಿದ 1999ರ 'ದಿ ಥರ್ಟೀನ್ತ್ ವಾರಿಯರ್'. ಒಂದೇ ಸಂಜೆ, ಒಂದೇ ಸಿನಿಮಾ ಎನ್ನುವವರಿಗೆ ನನ್ನ ಉತ್ತರ ಮೂರನೆಯದು. ಹೆಸರಿನಲ್ಲಿ ಬೇವುಲ್ಫ್ ಇಲ್ಲದ, ಕಥೆಯನ್ನು ಎಲ್ಲಕ್ಕಿಂತ ಸಡಿಲವಾಗಿ ಹಿಡಿದ ಆ ಸಿನಿಮಾವೇ ವೀರನ ನಂಬಿಕೆಯ ವಿಷಯದಲ್ಲಿ ಕಾವ್ಯಕ್ಕೆ ಹೆಚ್ಚು ಹತ್ತಿರವಾಗಿದೆ. ಏಕೆ ಎಂದು ತಿಳಿಯಬೇಕಾದರೆ ಮೊದಲು ಕಾವ್ಯದಲ್ಲಿ ಏನಿದೆ ಎಂದು ನೋಡಬೇಕು.

ಕಾವ್ಯದ ಬೇವುಲ್ಫ್

ಹಳೆಯ ಇಂಗ್ಲಿಷಿನ ಈ ಕಾವ್ಯದಲ್ಲಿ 3182 ಸಾಲುಗಳಿವೆ. ಉಳಿದು ಬಂದಿರುವುದು ಒಂದೇ ಒಂದು ಹಸ್ತಪ್ರತಿ. ಅದನ್ನು ಲಿಪಿಕಾರರು ಬರೆದದ್ದು ಸುಮಾರು ಕ್ರಿ.ಶ. 1000ದ ಆಸುಪಾಸಿನಲ್ಲಿ. 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿದ್ದಾಗ ಅಂಚು ಸುಟ್ಟುಕೊಂಡು ಪಾರಾದ ಆ ಪ್ರತಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆದರೆ ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ ಅಲ್ಲ. ಡೇನರ ಡೆನ್ಮಾರ್ಕ್‌ನಲ್ಲಿ ಮತ್ತು ಇಂದಿನ ಸ್ವೀಡನ್ನಿನ ದಕ್ಷಿಣ ಭಾಗದಲ್ಲಿದ್ದ, ಬೇವುಲ್ಫ್‌ನ ಜನರಾದ ಗೀಟರ ನಾಡಿನಲ್ಲಿ, ಆರನೆಯ ಶತಮಾನದ ಹೊತ್ತಿಗೆ. ಅಲ್ಲಿನ ಜನ ಆಗಿನ್ನೂ ಕ್ರೈಸ್ತರಾಗಿರಲಿಲ್ಲ. ಅವರ ಕಥೆಯನ್ನು ಹೇಳುತ್ತಿರುವ ಕವಿ ಮಾತ್ರ ಕ್ರೈಸ್ತ.

ಈ ಬಿಕ್ಕಟ್ಟು ಆ ಕಾಲದವರಿಗೂ ಗೊತ್ತಿತ್ತು. 797ರಲ್ಲಿ ಆಲ್ಕ್ವಿನ್ ಎಂಬ ವಿದ್ವಾಂಸ ಒಬ್ಬ ಬಿಷಪ್ಪನಿಗೆ ಪತ್ರ ಬರೆದು, ಊಟದ ಹೊತ್ತಿನಲ್ಲಿ ಓದಿಸಬೇಕಾದದ್ದು ದೇವರ ವಾಕ್ಯವನ್ನು, ಹಳೆಯ ವೀರರ ಹಾಡುಗಳನ್ನಲ್ಲ, ಅಂಥ ಹಾಡುಗಳ ವೀರ ಇಂಗೆಲ್ಡ್‌ನಿಗೂ ಕ್ರಿಸ್ತನಿಗೂ ಏನು ಸಂಬಂಧ ಎಂದು ಕಟುವಾಗಿ ಕೇಳಿದ್ದ. ಅದೇ ಇಂಗೆಲ್ಡ್ ಬೇವುಲ್ಫ್ ಕಾವ್ಯದಲ್ಲಿ ಬರುತ್ತಾನೆ. ಅಂದರೆ ಈ ಕವಿ, ತನ್ನ ಮತದ ಹಿರಿಯರು ಬೇಡವೆಂದ ಕಡೆಗೇ ಪ್ರೀತಿಯಿಂದ ನಡೆದವನು.

ಕನ್ನಡದ ಓದುಗರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ ಎಂದು ನನ್ನ ನಂಬಿಕೆ. ಈ ಹಸ್ತಪ್ರತಿಗಿಂತ ಕೆಲವೇ ದಶಕಗಳ ಹಿಂದೆ, 941ರ ಹೊತ್ತಿಗೆ, ನಮ್ಮಲ್ಲಿ ಜೈನನಾದ ಪಂಪ ಮಹಾಭಾರತದ ಕಥೆಯನ್ನು ಹೇಳಿದ. ಅರ್ಜುನ ಶಿವನನ್ನು ಕುರಿತು ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆಯುವುದನ್ನು ಯಾವ ಅಳುಕೂ ಇಲ್ಲದೆ ವರ್ಣಿಸಿದ. ಪಂಪ ತನ್ನ ಕೆಲಸವನ್ನು ಎರಡು ಪಾಲು ಮಾಡಿಕೊಂಡಿದ್ದ: ಭಾರತದಲ್ಲಿ ಲೌಕಿಕ, ಆದಿಪುರಾಣದಲ್ಲಿ ಜಿನಾಗಮ. ಬೇವುಲ್ಫ್‌ನ ಕವಿಗೆ ಅಂಥ ಎರಡು ಕಾವ್ಯಗಳ ಅನುಕೂಲ ಇರಲಿಲ್ಲ, ಅಥವಾ ಅವನು ಅದನ್ನು ಬಯಸಲಿಲ್ಲ. ತಾನು ನಂಬಿದ್ದನ್ನೂ ತನ್ನ ಪೂರ್ವಿಕರು ನಂಬಿದ್ದನ್ನೂ ಒಂದೇ ಕಾವ್ಯದೊಳಗೆ, ಎಷ್ಟೋ ಕಡೆ ಒಂದೇ ಮಾತಿನೊಳಗೆ, ತಂದು ಕೂರಿಸಿದ.

ಅದನ್ನು ಅವನು ಮಾಡಿದ ರೀತಿ ಹೀಗಿದೆ. ಕಾವ್ಯದಲ್ಲಿ ಕ್ರಿಸ್ತನ ಹೆಸರು ಎಲ್ಲಿಯೂ ಬರುವುದಿಲ್ಲ. ಶಿಲುಬೆ ಇಲ್ಲ, ಚರ್ಚು ಇಲ್ಲ, ಪಾದ್ರಿಯೂ ಇಲ್ಲ. ಬರುವ ಬೈಬಲ್ ಪ್ರಸಂಗಗಳೆಲ್ಲ ಹಳೆಯ ಒಡಂಬಡಿಕೆಯವು: ಸೃಷ್ಟಿ, ಕೇನ್ ತನ್ನ ತಮ್ಮನನ್ನು ಕೊಂದದ್ದು, ಜಲಪ್ರಳಯ. ಗ್ರೆಂಡೆಲ್ ಕೇನ್‌ನ ಸಂತತಿ. ರಾಜ ಹ್ರಾತ್‌ಗಾರ್‌ನ ಸಭಾಭವನದಲ್ಲಿ ಗಾಯಕ ಜಗತ್ತಿನ ಸೃಷ್ಟಿಯನ್ನು ಹಾಡುತ್ತಾನೆ. ಆ ಸಂತೋಷದ ಸದ್ದೇ ಕತ್ತಲಲ್ಲಿರುವ ಗ್ರೆಂಡೆಲ್‌ಗೆ ಸಹಿಸಲಾಗದ ನೋವು. ಆದರೂ ಗ್ರೆಂಡೆಲ್‌ನ ಹಾವಳಿ ಹೆಚ್ಚಿದಾಗ ಡೇನರು ತಮ್ಮ ಗುಡಿಗಳಲ್ಲಿ ವಿಗ್ರಹಗಳಿಗೆ ಹರಕೆ ಹೊರುತ್ತಾರೆ. ಅವರಿಗೆ ದೇವರು ಗೊತ್ತಿರಲಿಲ್ಲ ಎಂದು ಕವಿ ಅಲ್ಲಿ ವ್ಯಥೆ ಪಡುತ್ತಾನೆ. ಕೆಲವು ನೂರು ಸಾಲುಗಳ ನಂತರ ಅದೇ ಡೇನರ ರಾಜ ಸರ್ವಶಕ್ತನಿಗೆ ಕೃತಜ್ಞತೆ ಹೇಳುತ್ತಾನೆ. ಈ ವೈರುಧ್ಯವನ್ನು ವಿದ್ವಾಂಸರು ಬಗೆಬಗೆಯಾಗಿ ಬಿಡಿಸಲು ನೋಡಿದ್ದಾರೆ. ನನಗೆ ಇದು ಕವಿಯ ಮನಸ್ಸಿನ ಗಾಯವಾಗಿಯೇ ಕಾಣುತ್ತದೆ. ತಾನು ಗೌರವಿಸುವವರು ತನ್ನ ದೇವರನ್ನು ಅರಿಯದೆ ಸತ್ತರು ಎಂಬ ನೋವು ಅದು.

ಇನ್ನು ಬೇವುಲ್ಫ್. ಅವನು ವಿಗ್ರಹದ ಮುಂದೆ ಕೂರುವುದನ್ನು ಕವಿ ಒಮ್ಮೆಯೂ ತೋರಿಸುವುದಿಲ್ಲ. ಗ್ರೆಂಡೆಲ್‌ನ ಎದುರು ಹೋರಾಡುವ ಮುನ್ನ, ಸಾವು ಯಾರನ್ನು ಒಯ್ಯುತ್ತದೆಯೋ ಅವನು ದೇವರ ತೀರ್ಪನ್ನು ಒಪ್ಪಬೇಕು ಎನ್ನುತ್ತಾನೆ. ಅದೇ ಮಾತಿನ ಕೊನೆಯಲ್ಲಿ, ವಿಧಿ ತಾನು ನಡೆಯಬೇಕಾದಂತೆಯೇ ನಡೆಯುತ್ತದೆ ಎನ್ನುತ್ತಾನೆ. ಎರಡರ ನಡುವೆ ಕೇವಲ ಹದಿನೈದು ಸಾಲು. ಇನ್ನೊಂದು ಕಡೆ, ಧೈರ್ಯ ಗಟ್ಟಿಯಾಗಿದ್ದರೆ ಸಾಯಬೇಕೆಂದು ಗೊತ್ತಾಗಿರದ ಮನುಷ್ಯನನ್ನು ವಿಧಿ ಎಷ್ಟೋ ಸಲ ಉಳಿಸುತ್ತದೆ ಎನ್ನುತ್ತಾನೆ. ಕತ್ತಿ, ಕವಚ ಎಲ್ಲವನ್ನೂ ಕಳಚಿಟ್ಟು ಬರಿಗೈಯಲ್ಲಿ ನಿಲ್ಲುವಾಗ ಅವನು ಹೇಳುವುದು, ಕೀರ್ತಿ ಯಾರ ಪಾಲಿಗೆ ಎಂಬುದನ್ನು ಪವಿತ್ರನಾದ ದೇವರೇ ತೀರ್ಮಾನಿಸಲಿ ಎಂದು. ಮುಂದೆ ಡ್ರ್ಯಾಗನ್ನಿನ ವಿಷವೇರಿ ಸಾಯುವ ಹೊತ್ತಿನಲ್ಲಿ, ತಾನು ಸುಳ್ಳು ಪ್ರಮಾಣ ಮಾಡಿಲ್ಲ, ಬಂಧುಗಳನ್ನು ಕೊಂದ ಆರೋಪವನ್ನು ದೇವರು ತನ್ನ ಮೇಲೆ ಹೊರಿಸಲಾರ ಎಂದು ಸಮಾಧಾನ ಪಡುತ್ತಾನೆ. ತನ್ನ ಜನಕ್ಕಾಗಿ ಇಷ್ಟು ಸಂಪತ್ತು ಗೆದ್ದುಕೊಟ್ಟದ್ದಕ್ಕೆ ದೇವರಿಗೆ ವಂದಿಸುತ್ತಾನೆ. ಆಮೇಲೆ ಅವನ ದೇಹವನ್ನು ಚಿತೆಯ ಮೇಲಿಟ್ಟು ಸುಡುತ್ತಾರೆ. ಕ್ರೈಸ್ತನಿಗೆ ಒಪ್ಪದ ಸಂಸ್ಕಾರ ಅದು, ಕವಿ ಅದನ್ನೂ ಮುಚ್ಚಿಡುವುದಿಲ್ಲ.

ಹೀಗೆ ಕಾವ್ಯದ ಬೇವುಲ್ಫ್ ಭಕ್ತನೂ ಅಲ್ಲ, ನಾಸ್ತಿಕನೂ ಅಲ್ಲ. ತನಗಿಂತ ದೊಡ್ಡದಾದ ಒಂದು ತೀರ್ಪಿಗೆ ತಲೆಬಾಗಿಯೇ ತನ್ನ ಕೈಲಾದ ಎಲ್ಲವನ್ನೂ ಮಾಡುವ ಮನುಷ್ಯ. ಸಿನಿಮಾಗಳನ್ನು ಈ ಅಳತೆಗೋಲಿನಿಂದ ನೋಡೋಣ.

2007ರ 'ಬೇವುಲ್ಫ್': ಹೊಸ ದೇವರ ಮೇಲೆ ಕೋಪ

ನಟರ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿ ಮಾಡಿದ ಈ ಸಿನಿಮಾದಲ್ಲಿ ಬೇವುಲ್ಫ್ ರೇ ವಿನ್‌ಸ್ಟನ್, ಹ್ರಾತ್‌ಗಾರ್ ಆಂಥನಿ ಹಾಪ್ಕಿನ್ಸ್, ಗ್ರೆಂಡೆಲ್‌ನ ತಾಯಿ ಆಂಜೆಲಿನಾ ಜೋಲಿ. ಚಿತ್ರಕಥೆ ನೀಲ್ ಗೇಮನ್ ಮತ್ತು ರಾಜರ್ ಏವರಿ ಅವರದು. ಮೂರರಲ್ಲಿ ಧರ್ಮದ ಬಗ್ಗೆ ಅತಿ ನೇರವಾಗಿ ಮಾತಾಡುವ ಸಿನಿಮಾ ಇದೇ.

ಕಥೆ 507ನೆಯ ಇಸವಿಯ ಡೆನ್ಮಾರ್ಕ್‌ನಲ್ಲಿ ತೊಡಗುತ್ತದೆ. ಗ್ರೆಂಡೆಲ್‌ನ ಕಾಟ ತಾಳಲಾರದೆ, ಜಾನ್ ಮಾಲ್ಕೊವಿಚ್ ವಹಿಸಿದ, ರಾಜಸಭೆಯವನೇ ಆದ ಉನ್‌ಫರ್ತ್ ರಾಜನ ಬಳಿ ಬಂದು, ರೋಮಿನ ಹೊಸ ದೇವರಾದ ಕ್ರಿಸ್ತನಿಗೂ ಪ್ರಾರ್ಥನೆ ಸಲ್ಲಿಸೋಣವೇ ಎಂದು ಕೇಳುತ್ತಾನೆ. ನಾವು ನಮಗಾಗಿ ಮಾಡಿಕೊಳ್ಳದ್ದನ್ನು ದೇವರುಗಳು ಮಾಡಿಕೊಡುವುದಿಲ್ಲ, ನಮಗೆ ಬೇಕಾದದ್ದು ಒಬ್ಬ ವೀರ ಎಂದು ಹ್ರಾತ್‌ಗಾರ್ ಹೇಳುತ್ತಾನೆ. ಸಿನಿಮಾದ ನಿಲುವು ಈ ಒಂದು ಉತ್ತರದಲ್ಲಿಯೇ ಇದೆ. ದೇವರು ಒಂದು ಕಡೆ, ವೀರ ಇನ್ನೊಂದು ಕಡೆ, ಒಬ್ಬರಿದ್ದರೆ ಇನ್ನೊಬ್ಬರು ಬೇಕಿಲ್ಲ. ಕಾವ್ಯದಲ್ಲಿ ಇದೇ ಹ್ರಾತ್‌ಗಾರ್, ಬೇವುಲ್ಫ್ ಬಂದದ್ದೇ ದೇವರ ಕೃಪೆಯಿಂದ ಎನ್ನುತ್ತಾನೆ.

ವರ್ಷಗಳು ಕಳೆದು ಬೇವುಲ್ಫ್ ಮುದಿ ರಾಜನಾದಾಗ ಕ್ರೈಸ್ತ ಮತ ನೆಲೆಯೂರಿದೆ. ಉನ್‌ಫರ್ತ್ ಪಾದ್ರಿಯಾಗಿದ್ದಾನೆ. ಆಗ ಬೇವುಲ್ಫ್ ತನ್ನ ಸಂಗಡಿಗ ವಿಗ್ಲಾಫ್‌ನಿಗೆ ಹೇಳುವ ಮಾತು ಈ ಸಿನಿಮಾದ ಅತ್ಯಂತ ಪ್ರಸಿದ್ಧ ಮಾತು: ವೀರರ ಕಾಲ ಸತ್ತಿತು, ಅದನ್ನು ಕೊಂದದ್ದು ಕ್ರಿಸ್ತ ದೇವರು, ಉಳಿದದ್ದು ಅಳುವ ಹುತಾತ್ಮರು, ಭಯ, ನಾಚಿಕೆ ಎಂಬ ಅರ್ಥದ್ದು. ಕೇಳುವಾಗ ಮೈ ಜುಮ್ಮೆನ್ನುತ್ತದೆ, ಒಪ್ಪುತ್ತೇನೆ. ವಿನ್‌ಸ್ಟನ್‌ನ ದಣಿದ ಧ್ವನಿಯಲ್ಲಿ ಅದಕ್ಕೆ ತೂಕವಿದೆ. ಆದರೆ ಇದು ಕಾವ್ಯದ ಬೇವುಲ್ಫ್ ಎಂದೂ ಆಡಲಾರದ ಮಾತು. ಆರನೆಯ ಶತಮಾನದ ಡೇನ್ ಕೂಡ ಆಡಲಾರ. ಡೆನ್ಮಾರ್ಕ್‌ನ ರಾಜ ಹ್ಯಾರಲ್ಡ್ ಬ್ಲೂಟೂತ್ ತಾನು ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂದು ಜೆಲಿಂಗ್‌ನ ಕಲ್ಲಿನ ಮೇಲೆ ಕೆತ್ತಿಸಿದ್ದು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅಂದರೆ ಈ ಸಿನಿಮಾದ ಕಾಲಕ್ಕಿಂತ ನಾನೂರು ವರ್ಷಗಳಷ್ಟು ಈಚೆಗೆ.

ಕಾಲದ ಲೆಕ್ಕ ತಪ್ಪಿದ್ದು ನನಗೆ ದೊಡ್ಡ ದೋಷವಲ್ಲ. ಕಾವ್ಯವೂ ಕಾಲವನ್ನು ಬೆರೆಸಿಯೇ ಹೆಣೆದದ್ದು. ನನ್ನ ತಕರಾರು ಇರುವುದು ಮತಾಂತರವನ್ನು ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಷ್ಟು ಸರಳವಾಗಿ ಕಂಡದ್ದರ ಬಗ್ಗೆ. ಇತಿಹಾಸಕಾರ ಬೀಡ್ ಹೇಳುವ ಪ್ರಕಾರ, ಇಂಗ್ಲೆಂಡಿನ ಪೂರ್ವ ಆಂಗ್ಲಿಯಾದ ರಾಜ ರೆಡ್‌ವಾಲ್ಡ್ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ವೇದಿಕೆಯನ್ನೂ ಹಳೆಯ ದೇವರುಗಳ ಬಲಿಗೆ ಇನ್ನೊಂದನ್ನೂ ಇಟ್ಟುಕೊಂಡಿದ್ದ. ಬೀಡ್‌ಗೆ ಅದು ಅಸಹ್ಯವಾಗಿ ಕಂಡಿತು. ಆದರೆ ಬೇವುಲ್ಫ್ ಕಾವ್ಯ ಹುಟ್ಟಿದ್ದು ಎರಡು ವೇದಿಕೆಗಳು ಜೊತೆಯಲ್ಲಿದ್ದ ಅಂಥ ಮನಸ್ಸುಗಳ ನೆನಪಿನಿಂದ. ಸಿನಿಮಾ ಆ ನೆನಪನ್ನು ಅಳಿಸಿ ಜಗಳವೊಂದನ್ನೇ ಉಳಿಸಿಕೊಂಡಿತು.

ಸಣ್ಣ ಬದಲಾವಣೆಗಳಲ್ಲಿಯೂ ಇದೇ ಧೋರಣೆ ಕಾಣುತ್ತದೆ. ಕೇನ್ ಎಂಬ ಹೆಸರು ಇಲ್ಲಿ ಗ್ರೆಂಡೆಲ್‌ನ ವಂಶದ್ದಲ್ಲ, ಉನ್‌ಫರ್ತ್‌ನ ಕೈಯಲ್ಲಿ ಏಟು ತಿನ್ನುವ ಒಬ್ಬ ಗುಲಾಮನದು. ಡ್ರ್ಯಾಗನ್ನಿನ ಕೇಡನ್ನು ಮತ್ತೆ ಎಬ್ಬಿಸುವ ಚಿನ್ನದ ಪಾತ್ರೆಯನ್ನು ತರುವವನೂ ಅವನೇ. ಜಾಣ್ಮೆಯ ಕೆಲಸ, ನನಗೆ ಮೆಚ್ಚುಗೆಯಾಯಿತು. ಗ್ರೆಂಡೆಲ್‌ನನ್ನು ಕಾಡುವುದು ಸೃಷ್ಟಿಯ ಹಾಡಲ್ಲ, ಕುಡಿದವರ ಗದ್ದಲ; ಅವನ ಕಿವಿಗೆ ಅದು ತಾಳಲಾಗದ ದೈಹಿಕ ನೋವು. ಹಾಡಿನ ಅರ್ಥ ಹೋಗಿ ಸದ್ದು ಮಾತ್ರ ಉಳಿಯಿತು. ಬೇವುಲ್ಫ್ ಕವಚ ಕಳಚುವುದನ್ನು ಸಿನಿಮಾ ಉಳಿಸಿಕೊಂಡಿದೆ, ಅವನನ್ನು ಪೂರ್ತಿ ಬೆತ್ತಲೆಯಾಗಿಯೇ ಹೋರಾಡಿಸಿದೆ. ಆದರೆ ಕಾವ್ಯದಲ್ಲಿ ಆ ಕಳಚುವಿಕೆ ಶರಣಾಗತಿ, ಇಲ್ಲಿ ಅದು ಎದೆಗಾರಿಕೆಯ ಪ್ರದರ್ಶನ.

ಇಷ್ಟಾದರೂ ಈ ಸಿನಿಮಾವನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಇಲ್ಲಿ ಹ್ರಾತ್‌ಗಾರ್‌ನೂ ಅವನ ನಂತರ ಬೇವುಲ್ಫ್‌ನೂ ಗ್ರೆಂಡೆಲ್‌ನ ತಾಯಿಯ ಮೋಹಕ್ಕೆ ಬಲಿಯಾದವರು. ಅವರವರ ಪಾಪವೇ ರಾಕ್ಷಸನಾಗಿ, ಡ್ರ್ಯಾಗನ್ ಆಗಿ ಮಗನ ರೂಪದಲ್ಲಿ ತಿರುಗಿ ಬರುತ್ತದೆ. ತಂದೆಯ ಪಾಪ ಎಂಬ ಮಾತನ್ನು ಸಿನಿಮಾ ಬಾಯಿಬಿಟ್ಟು ಹೇಳುತ್ತದೆ. ಅದು ಬೈಬಲ್ಲಿನ ಮಾತು. ಕ್ರೈಸ್ತ ಮತವನ್ನು ಮಾತಿನಲ್ಲಿ ದೂರುವ ಈ ಸಿನಿಮಾದ ಬೆನ್ನೆಲುಬೇ ಪಾಪ ಮತ್ತು ತಪ್ಪೊಪ್ಪಿಗೆ. ವೀರನ ಮಾತನ್ನು ಕೇಳಿದರೆ ಒಂದು ಧರ್ಮ, ಅವನ ಕಥೆಯನ್ನು ನೋಡಿದರೆ ಇನ್ನೊಂದು. ಈ ಒಳಬಿರುಕನ್ನು ಗಮನಿಸುತ್ತ ನೋಡುವವರಿಗೆ ಇದರಲ್ಲಿ ಯೋಚಿಸಲು ಬೇಕಾದಷ್ಟಿದೆ. ಆನಿಮೇಷನ್ ಎಂದು ತಿಳಿದು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ. ರಕ್ತಪಾತವೂ ನಗ್ನತೆಯೂ ಧಾರಾಳವಾಗಿವೆ.

2005ರ 'ಬೇವುಲ್ಫ್ ಆಂಡ್ ಗ್ರೆಂಡೆಲ್': ಎರಡೂ ಕಡೆ ವಾಲದವನು

ಐಸ್‌ಲೆಂಡಿನ ಕಪ್ಪು ಮರಳಿನ ದಡಗಳಲ್ಲಿ, ನಿಂತ ಮನುಷ್ಯನನ್ನು ತಳ್ಳಿಬಿಡುವಂಥ ಗಾಳಿಯಲ್ಲಿ ಚಿತ್ರಿಸಿದ ಸಿನಿಮಾ ಇದು. ಜೆರಾರ್ಡ್ ಬಟ್ಲರ್ ಬೇವುಲ್ಫ್, ಸ್ಟೆಲ್ಲನ್ ಸ್ಕಾರ್ಸ್‌ಗಾರ್ಡ್ ಹ್ರಾತ್‌ಗಾರ್, ಐಸ್‌ಲೆಂಡಿನವರೇ ಆದ ಇಂಗ್ವಾರ್ ಸಿಗುರ್ಡ್‌ಸನ್ ಗ್ರೆಂಡೆಲ್. ಜೆಮೆಕಿಸ್‌ನ ಸಿನಿಮಾದ ಹೊಳಪಿನ ಮುಂದೆ ಇದು ಬಡವಾಗಿ ಕಾಣಬಹುದು. ಆದರೆ ಇಲ್ಲಿನ ಚಳಿ, ಕೆಸರು, ಒದ್ದೆ ಬಟ್ಟೆ ಎಲ್ಲವೂ ನಿಜ.

ಧರ್ಮದ ಪ್ರಶ್ನೆಯನ್ನು ಹೊತ್ತು ತರುವುದಕ್ಕೆ ಸಿನಿಮಾ ಬ್ರೆಂಡನ್ ಎಂಬ ಐರಿಷ್ ಪಾದ್ರಿಯನ್ನು ಸೃಷ್ಟಿಸಿದೆ. ಎಡ್ಡಿ ಮಾರ್ಸನ್ ಆ ಪಾತ್ರವನ್ನು ಮಾಡಿದ್ದಾರೆ. ಹೆಸರು ಸುಮ್ಮನೆ ಆರಿಸಿದ್ದಲ್ಲ. ಆರನೆಯ ಶತಮಾನದಲ್ಲಿ ಸಮುದ್ರಯಾನಕ್ಕೆ ಹೆಸರಾದ ಐರಿಷ್ ಸಂತ ಬ್ರೆಂಡನ್‌ನ ನೆನಪು ಅದರಲ್ಲಿದೆ. ಗ್ರೆಂಡೆಲ್‌ನಿಂದ ಕಂಗೆಟ್ಟ ಡೇನರು ನೀರಿಗಿಳಿದು ಅವನಿಂದ ದೀಕ್ಷಾಸ್ನಾನ ಪಡೆಯುತ್ತಾರೆ. ಹಳೆಯ ದೇವರುಗಳು ಕಾಪಾಡಲಿಲ್ಲ, ಹೊಸಬ ಕಾಪಾಡುತ್ತಾನೋ ನೋಡೋಣ ಎಂಬ ಆಸೆ ಅವರದು. ಹೆದರಿದ ಊರು ದೇವರನ್ನು ಬದಲಿಸುವ ರೀತಿಯನ್ನು ಇಷ್ಟು ಮನಸ್ಸು ಮುಟ್ಟುವಂತೆ ಬೇರೆ ಎರಡು ಸಿನಿಮಾಗಳು ತೋರಿಸಿಲ್ಲ. ವಿಗ್ರಹಗಳಿಗೆ ಹರಕೆ ಹೊತ್ತ ಕಾವ್ಯದ ಡೇನರನ್ನು ತಿರುಗಿಸಿ ನೋಡಿದ ಹಾಗಿದೆ ಇದು: ಭಯ ಅದೇ, ಗುಡಿ ಮಾತ್ರ ಬೇರೆ.

ಬೇವುಲ್ಫ್ ಇಲ್ಲಿ ಯಾವ ಕಡೆಗೂ ವಾಲುವುದಿಲ್ಲ. ಪಾದ್ರಿಯ ದೇವರೂ ಅವನನ್ನು ಸೆಳೆಯುವುದಿಲ್ಲ, ಹಳೆಯ ದೇವರಾದ ಓಡಿನ್‌ನ ಹೆಸರಿನಲ್ಲಿಯೂ ಅವನು ಉಬ್ಬುವುದಿಲ್ಲ. ಅವನನ್ನು ಕೊರೆಯುವ ಪ್ರಶ್ನೆ ಒಂದೇ: ಈ ದೈತ್ಯ ಡೇನರನ್ನೇ ಏಕೆ ಕೊಲ್ಲುತ್ತಾನೆ, ನಮ್ಮನ್ನು ಏಕೆ ಮುಟ್ಟುವುದಿಲ್ಲ? ಉತ್ತರವನ್ನು ಸಿನಿಮಾ ಮೊದಲ ದೃಶ್ಯದಲ್ಲಿಯೇ ನಮಗೆ ತೋರಿಸಿದೆ. ಗ್ರೆಂಡೆಲ್ ಹುಡುಗನಾಗಿದ್ದಾಗ ಹ್ರಾತ್‌ಗಾರ್ ಮತ್ತು ಅವನ ಜನ ಅವನ ಕಣ್ಣೆದುರಿಗೇ ತಂದೆಯನ್ನು ಕೊಂದಿದ್ದಾರೆ. ಕಾವ್ಯದಲ್ಲಿ ಕೇನ್‌ನ ಶಾಪ ರಾಕ್ಷಸನ ತಲೆಯ ಮೇಲಿದೆ. ಇಲ್ಲಿ ಕೊಲೆಯ ಕಲೆ ಮನುಷ್ಯರ ಕೈಗೆ ಅಂಟಿದೆ. ಕೊನೆಯಲ್ಲಿ ಬೇವುಲ್ಫ್ ತಾನು ಸೋಲಿಸಿದ ಗ್ರೆಂಡೆಲ್‌ಗೆ ಗೌರವದಿಂದ ಸಮಾಧಿ ಕಟ್ಟುತ್ತಾನೆ. ಯಾವ ಮತದ ಮಂತ್ರವೂ ಇಲ್ಲದ ಸಂಸ್ಕಾರ. ಅವನ ಧರ್ಮ ಎಂದು ಏನನ್ನಾದರೂ ಕರೆಯಬಹುದಾದರೆ ಅದು ಆ ಕಲ್ಲುಗಳನ್ನು ಎತ್ತಿಡುವ ಕೆಲಸವೇ.

ಇದು ಇಂದಿನ ನಮ್ಮ ಮನಸ್ಸಿಗೆ ಬಹಳ ಹಿಡಿಸುವ ಬೇವುಲ್ಫ್. ನನಗೂ ಹಿಡಿಸಿದ. ಆದರೆ ಇವನಿಗೆ ತಲೆಬಾಗಲು ತನ್ನ ಆತ್ಮಸಾಕ್ಷಿಗಿಂತ ದೊಡ್ಡದು ಏನೂ ಇಲ್ಲ. ಕಾವ್ಯದವನಿಗೆ ಇತ್ತು. ಸಮುದ್ರದ ಅಂಚಿನ ಆ ವಿಶಾಲ ಆಕಾಶದ ಕೆಳಗೆ ನಿಂತೂ ಅವನು ಮೇಲೆ ನೋಡುವುದಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ. ಸೆಲ್ಮಾ ಎಂಬ ಮಂತ್ರಗಾತಿಯ ಪಾತ್ರವನ್ನು ಸಾರಾ ಪಾಲಿ ಮಾಡಿದ್ದಾರೆ. ಅದು ಕಾವ್ಯದಲ್ಲಿ ಇಲ್ಲದ ಪಾತ್ರ. ಅವಳು ಯಾರು ಯಾವಾಗ ಸಾಯುತ್ತಾರೆಂದು ಕಾಣಬಲ್ಲವಳು. ಕಾವ್ಯದ ವಿಧಿಯ ಅಂಶ ಈ ಸಿನಿಮಾದಲ್ಲಿ ಉಳಿದಿದ್ದರೆ ಅದು ಅವಳ ಬಳಿ ಮಾತ್ರ.

1999ರ 'ದಿ ಥರ್ಟೀನ್ತ್ ವಾರಿಯರ್': ಇಬ್ಬರ ಪ್ರಾರ್ಥನೆ

ಇದರ ಮೂಲ ಮೈಕಲ್ ಕ್ರೈಟನ್ 1976ರಲ್ಲಿ ಬರೆದ ಕಾದಂಬರಿ. ಬೇವುಲ್ಫ್‌ನ ಕಥೆಗೆ ಅವರು ಒಬ್ಬ ನಿಜವಾದ ಮನುಷ್ಯನನ್ನು ಸಾಕ್ಷಿಯಾಗಿ ತಂದರು. ಅಹ್ಮದ್ ಇಬ್ನ್ ಫದ್ಲಾನ್ 921ರಲ್ಲಿ ಬಾಗ್ದಾದಿನಿಂದ, ಅಬ್ಬಾಸಿದ್ ಖಲೀಫ ಅಲ್-ಮುಕ್ತದಿರ್‌ನ ನಿಯೋಗದಲ್ಲಿ ವೋಲ್ಗಾ ನದಿಯ ಬಲ್ಗಾರರ ರಾಜ್ಯಕ್ಕೆ ಹೋದವನು. ಅಲ್ಲಿ ರೂಸ್ ಎಂಬ ಉತ್ತರದ ವ್ಯಾಪಾರಿಗಳನ್ನು ಕಂಡು, ಅವರ ನಾಯಕನೊಬ್ಬನ ದೇಹವನ್ನು ಹಡಗಿನೊಂದಿಗೆ ಸುಟ್ಟ ಶವಸಂಸ್ಕಾರವನ್ನು ವಿವರವಾಗಿ ಬರೆದಿಟ್ಟವನು. ಸಿನಿಮಾದಲ್ಲಿ ಆಂಟೋನಿಯೋ ಬಂಡೇರಾಸ್ ಅವನ ಪಾತ್ರ ವಹಿಸಿದ್ದಾರೆ. ಬೇವುಲ್ಫ್‌ನಿಗೆ ಇಲ್ಲಿ ಬುಲಿವಿಫ್ ಎಂದು ಹೆಸರು, ನಟ ವ್ಲಾದಿಮಿರ್ ಕುಲಿಚ್. ರಾಕ್ಷಸರ ಜಾಗದಲ್ಲಿ ಕರಡಿಯ ಚರ್ಮ ಹೊದ್ದ ವೆಂಡಾಲ್ ಎಂಬ ನರಭಕ್ಷಕರ ಗುಂಪು. ಡ್ರ್ಯಾಗನ್ ಎಂದರೆ ಮಂಜಿನಲ್ಲಿ ಪಂಜು ಹಿಡಿದು ಸಾಲಾಗಿ ಇಳಿದು ಬರುವ ಅವರ ಕುದುರೆ ಸವಾರರು.

ದೈತ್ಯರನ್ನೂ ಡ್ರ್ಯಾಗನ್ನನ್ನೂ ಹೀಗೆ ಮನುಷ್ಯರ ಅಳತೆಗೆ ಇಳಿಸಿದ ಸಿನಿಮಾ ನಂಬಿಕೆಯನ್ನೂ ಇಳಿಸಿಬಿಡುತ್ತದೆ ಎಂದು ನೀವು ಊಹಿಸಬಹುದು. ಹಾಗಾಗಿಲ್ಲ. ಬುಲಿವಿಫ್ ಮಾತು ಕಡಿಮೆ. ದೇವರ ಬಗ್ಗೆ ಅವನು ವಾದ ಮಾಡುವುದಿಲ್ಲ, ಯಾರನ್ನೂ ಹಳಿಯುವುದಿಲ್ಲ. ಹೊರಡುವ ಮುನ್ನ ಮುದುಕಿಯೊಬ್ಬಳು ಎಲುಬುಗಳನ್ನು ಚೆಲ್ಲಿ ನೋಡಿ, ಹದಿಮೂರು ಜನ ಹೋಗಬೇಕು, ಹದಿಮೂರನೆಯವನು ಉತ್ತರದವನಾಗಿರಬಾರದು ಎಂದಾಗ ಅವನು ಅದನ್ನು ಒಪ್ಪಿ ನಡೆಯುತ್ತಾನೆ. ಅವನ ಸಂಗಡಿಗ ಹರ್ಗರ್ ಹೆದರಿದ ಅಹ್ಮದನಿಗೆ ಹೇಳುವ ಮಾತು, ನಿನ್ನ ಬಾಳಿನ ನೂಲನ್ನು ಎಲ್ಲರ ತಂದೆಯಾದವನು ಎಂದೋ ಹೆಣೆದಿಟ್ಟಿದ್ದಾನೆ, ಬಿಲದಲ್ಲಿ ಅಡಗಿ ಕುಳಿತರೂ ಒಂದು ಕ್ಷಣ ಹೆಚ್ಚು ಬದುಕಲಾರೆ ಎಂಬುದು. ಕಾವ್ಯದ ಬೇವುಲ್ಫ್ ವಿಧಿಯ ಬಗ್ಗೆ ಆಡಿದ ಮಾತಿನ ನೇರ ಬಂಧು ಇದು.

ಮೂರು ಕಡೆ ಈ ಸಿನಿಮಾ ನನ್ನನ್ನು ಗೆದ್ದಿತು.

ಒಂದು, ಬರವಣಿಗೆಯ ಪ್ರಸಂಗ. ಶಬ್ದಗಳನ್ನು ಚಿತ್ರವಾಗಿ ಬಿಡಿಸಬಲ್ಲೆಯಾ ಎಂದು ಬುಲಿವಿಫ್ ಕೇಳುತ್ತಾನೆ. ಅಹ್ಮದ್ ಮರಳಿನಲ್ಲಿ ಬರೆದು ತೋರಿಸುವುದು ತನ್ನ ನಂಬಿಕೆಯ ಮೂಲವಾಕ್ಯವನ್ನು, ದೇವರು ಒಬ್ಬನೇ, ಮುಹಮ್ಮದರು ಅವನ ಪ್ರವಾದಿ ಎಂಬುದನ್ನು. ಆಮೇಲೆ ಬುಲಿವಿಫ್ ನೆನಪಿನಿಂದಲೇ ಅದನ್ನು ತನ್ನ ಕೈಯಾರೆ ಬರೆದು, ಸರಿಯಾಗಿದೆಯೇ ಎಂದು ನೋಡಿಸುತ್ತಾನೆ. ಅವನೇನೂ ಮತ ಬದಲಿಸಿಲ್ಲ. ಇನ್ನೊಬ್ಬನಿಗೆ ಪವಿತ್ರವಾದದ್ದನ್ನು ತಪ್ಪಿಲ್ಲದೆ ಬರೆಯಬೇಕೆಂಬ ಕಾಳಜಿ ಅದು. ಮುಂದೆ ಸಾವು ಹತ್ತಿರವಾದಾಗ, ತನ್ನ ಕೃತ್ಯಗಳ ಕಥೆಯನ್ನು ಯಾರಾದರೂ ಬರೆದಿಟ್ಟರೆ ಬಡವನಾಗಿ ಸತ್ತವನೂ ಸಿರಿವಂತನೇ ಎಂಬರ್ಥದ ಮಾತನ್ನು ಅವನೇ ಆಡುತ್ತಾನೆ. ತನ್ನ ಮತದವನಲ್ಲದ ಒಬ್ಬನ ಕೈಗೆ ತನ್ನ ಕಥೆಯನ್ನು ಒಪ್ಪಿಸುವ ವೀರ! ಕ್ರೈಸ್ತ ಕವಿಯ ಕೈಗೆ ಸಿಕ್ಕ ಬೇವುಲ್ಫ್‌ನ ಸ್ಥಿತಿ ನಿಜವಾಗಿ ಇದೇ ಅಲ್ಲವೇ? ಕಾವ್ಯದ ಹುಟ್ಟಿನ ಗುಟ್ಟನ್ನು ಕಥೆಯೊಳಗೆ ತಂದ ಏಕೈಕ ಸಿನಿಮಾ ಇದು.

ಎರಡು, ಕೊನೆಯ ಕಾಳಗದ ಮುಂಚಿನ ಗಳಿಗೆ. ಅಹ್ಮದ್ ತನ್ನ ದೇವರ ಮುಂದೆ, ಯೋಚಿಸಬೇಕಿದ್ದನ್ನು ಯೋಚಿಸದೆ ಹೇಳಬೇಕಿದ್ದನ್ನು ಹೇಳದೆ ಬಿಟ್ಟದ್ದಕ್ಕೆ ಕ್ಷಮೆ ಬೇಡುತ್ತಾನೆ; ಮುಂದಿನ ಕೆಲವು ನಿಮಿಷಗಳನ್ನು ಚೆನ್ನಾಗಿ ಬದುಕುವಂತೆ ಮಾಡು ಎನ್ನುತ್ತಾನೆ. ಅದರ ಬೆನ್ನಿಗೇ ಉತ್ತರದವರ ಪ್ರಾರ್ಥನೆ ಏಳುತ್ತದೆ: ಅಗೋ ನನ್ನ ತಂದೆಯನ್ನು ಕಾಣುತ್ತಿದ್ದೇನೆ, ತಾಯಿಯನ್ನು, ಅಕ್ಕತಂಗಿಯರನ್ನು, ಅಣ್ಣತಮ್ಮಂದಿರನ್ನು, ನನ್ನ ಕುಲವನ್ನು ಮೊದಲಿನಿಂದಲೂ ಕಾಣುತ್ತಿದ್ದೇನೆ ಎಂದು. ಈ ಮಾತುಗಳ ಬೇರು ಇಬ್ನ್ ಫದ್ಲಾನ್‌ನ ನಿಜವಾದ ಬರಹದಲ್ಲಿದೆ. ಸತ್ತ ನಾಯಕನೊಂದಿಗೆ ಬಲಿಯಾಗಲಿರುವ ದಾಸಿಯೊಬ್ಬಳನ್ನು ಬಾಗಿಲ ಚೌಕಟ್ಟಿನಂಥ ಒಂದರ ಮೇಲೆ ಮೂರು ಸಲ ಎತ್ತಿದಾಗ, ತಂದೆ ತಾಯಿಯರನ್ನು, ಸತ್ತ ಬಂಧುಗಳನ್ನು, ಹಸಿರಾದ ಸುಂದರ ಸ್ವರ್ಗದಲ್ಲಿ ಕುಳಿತ ತನ್ನ ಒಡೆಯನನ್ನು ಕಾಣುತ್ತಿದ್ದೇನೆಂದು ಅವಳು ಹೇಳಿದಳೆಂದು ಅವನು ದಾಖಲಿಸಿದ್ದಾನೆ. ಕೊಲ್ಲಲ್ಪಡುವ ಹೆಣ್ಣಿನ ಬಾಯಿಯ ಮಾತು ಸಿನಿಮಾದಲ್ಲಿ ಯೋಧರ ಬಾಯಿಗೆ ಬಂದಿದೆ. ಈ ಮೂಲವನ್ನು ತಿಳಿದು ಆ ದೃಶ್ಯವನ್ನು ನೋಡಿದರೆ ರೋಮಾಂಚನದ ಜೊತೆಗೆ ಸಂಕಟವೂ ಆಗುತ್ತದೆ. ಆಗಬೇಕು ಕೂಡ.

ಮೂರು, ಬೀಳ್ಕೊಡುಗೆ. ನಿಮ್ಮ ನಾಡಿಗೆ ಒಬ್ಬ ದೇವರು ಸಾಕಾಗಬಹುದು, ನಮಗೆ ಹಲವರು ಬೇಕು, ನಿನಗಾಗಿ ಅವರೆಲ್ಲರಲ್ಲಿಯೂ ಬೇಡಿಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡ ಎನ್ನುತ್ತಾನೆ ಹರ್ಗರ್. ನಿನಗೆ ಋಣಿಯಾಗಿರುತ್ತೇನೆ ಎನ್ನುತ್ತಾನೆ ಅಹ್ಮದ್. ರೆಡ್‌ವಾಲ್ಡ್‌ನ ಎರಡು ವೇದಿಕೆಗಳನ್ನು ಬೀಡ್ ಖಂಡಿಸಿದ್ದ. ಇಲ್ಲಿ ಅವು ಇಬ್ಬರು ಗೆಳೆಯರ ನಡುವೆ ಸಹಜವಾಗಿ ನಿಂತಿವೆ.

ದೋಷಗಳೂ ಇವೆ. ಬಿಡುಗಡೆಯಾದಾಗ ಸಿನಿಮಾ ಹಣ ಗಳಿಸದೆ ಸೋತಿತು. ಮರುಚಿತ್ರಣ, ಮರುಸಂಕಲನಗಳ ಗುರುತು ಕಥೆಯ ಜಿಗಿತಗಳಲ್ಲಿ ಕಾಣುತ್ತದೆ. ರಾಣಿ, ರಾಜಕುಮಾರರ ಎಳೆಗಳು ಅರ್ಧಕ್ಕೇ ನಿಂತಿವೆ. ವೆಂಡಾಲರಿಗೂ ಒಂದು ಮತವಿದೆ, ಗುಹೆಯಲ್ಲಿ ಪೂಜಿಸುವ ತಾಯಿಯ ಪ್ರತಿಮೆಯಿದೆ. ಅವರ ನಂಬಿಕೆಯನ್ನು ಮಾತ್ರ ಸಿನಿಮಾ ಬರೀ ಹೆದರಿಕೆಯ ವಸ್ತುವಾಗಿ ಬಳಸಿಕೊಂಡು ಮುಂದೆ ಹೋಗುತ್ತದೆ. ಇಬ್ಬರ ನಂಬಿಕೆಗೆ ಅಷ್ಟು ಗೌರವ ಕೊಟ್ಟ ಸಿನಿಮಾ ಮೂರನೆಯವರಿಗೆ ಏನನ್ನೂ ಕೊಡಲಿಲ್ಲ.

ಉಳಿದ ಎರಡು

ಕ್ರಿಸ್ಟೋಫರ್ ಲ್ಯಾಂಬರ್ಟ್ ನಟಿಸಿದ ಇನ್ನೊಂದು 'ಬೇವುಲ್ಫ್' ಕೂಡ 1999ರದ್ದೇ. ಅದನ್ನು ಈ ಪ್ರಶ್ನೆಗಾಗಿ ನೋಡಬೇಕಾಗಿಲ್ಲ. 1981ರ ಆಸ್ಟ್ರೇಲಿಯಾದ ಆನಿಮೇಷನ್ 'ಗ್ರೆಂಡೆಲ್ ಗ್ರೆಂಡೆಲ್ ಗ್ರೆಂಡೆಲ್', ಜಾನ್ ಗಾರ್ಡ್ನರ್ 1971ರಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. ಪೀಟರ್ ಉಸ್ತಿನೊವ್‌ನ ಧ್ವನಿಯಲ್ಲಿ ಮಾತಾಡುವುದು ರಾಕ್ಷಸ. ಜಗತ್ತಿಗೆ ಅರ್ಥವಿದೆಯೇ ಎಂದು ಕೇಳುವವನೂ ಅವನೇ. ವೀರನ ನಂಬಿಕೆ ತಿಳಿಯಲು ಬಂದವರಿಗೆ ಇಲ್ಲಿ ಹೆಚ್ಚು ಸಿಗುವುದಿಲ್ಲ, ಬೇರೆ ಮೂರನ್ನು ನೋಡಿದ ಮೇಲೆ ಒಮ್ಮೆ ನೋಡಬಹುದು.

ನಿಮಗೆ ಯಾವುದು

ತರಗತಿಯಲ್ಲಿ ಅಥವಾ ಓದುಗರ ಬಳಗದಲ್ಲಿ ಚರ್ಚೆ ಹುಟ್ಟಿಸಬೇಕೆಂದರೆ 2007ರ ಸಿನಿಮಾ ಉತ್ತಮ. ಬೇವುಲ್ಫ್ ಕ್ರಿಸ್ತನನ್ನು ದೂರುವ ಮಾತನ್ನೂ ಹ್ರಾತ್‌ಗಾರ್‌ನ ಉತ್ತರವನ್ನೂ ಕಾವ್ಯದ 1700ನೆಯ ಸಾಲಿನಿಂದ ತೊಡಗುವ ಹ್ರಾತ್‌ಗಾರ್‌ನ ದೀರ್ಘ ಉಪದೇಶದ ಪಕ್ಕದಲ್ಲಿಟ್ಟು ಓದಿ. ಸಂಪತ್ತು, ಬಲ, ಬುದ್ಧಿ ಎಲ್ಲ ದೇವರು ಕೊಟ್ಟದ್ದು, ಗರ್ವ ಬೇಡ ಎಂದು ಮುದಿ ರಾಜ ಗೆದ್ದ ತರುಣನಿಗೆ ಹೇಳುವ ಆ ಭಾಗವನ್ನು ಈ ಯಾವ ಸಿನಿಮಾವೂ ತೆರೆಗೆ ತರಲಿಲ್ಲ. ಮತಾಂತರ, ಭಯ, ಸೇಡು ಇವುಗಳ ಬಗ್ಗೆ ಯೋಚಿಸುವವರು 2005ರದನ್ನು ಆರಿಸಲಿ. ಅದು ನಿಧಾನದ ಸಿನಿಮಾ, ಬೈಗುಳಗಳೂ ಹೆಚ್ಚು. ಮೊದಲ ಸಲ ಈ ಕಥೆಗೆ ಕಾಲಿಡುವವರಿಗೆ, ಹಾಗೆಯೇ ಬೇರೆ ಬೇರೆ ನಂಬಿಕೆಯ ಗೆಳೆಯರು ಒಟ್ಟಿಗೆ ಕೂತು ನೋಡುವಾಗ, 'ದಿ ಥರ್ಟೀನ್ತ್ ವಾರಿಯರ್'. ಮೂರನ್ನೂ ನೋಡುವವರು ಅದರಿಂದ ಆರಂಭಿಸಿ, 2005ರದನ್ನು ನಡುವೆ ಇಟ್ಟುಕೊಂಡು, 2007ರದನ್ನು ಕೊನೆಗೆ ನೋಡಿದರೆ ಒಳ್ಳೆಯದು. ಮೊದಲೇ 2007ರದನ್ನು ನೋಡಿದರೆ ಅದರ ಗಟ್ಟಿ ಮಾತುಗಳು ಕಿವಿಯಲ್ಲಿ ಕೂತು, ಉಳಿದೆರಡರ ಮೆಲುದನಿ ಕೇಳಿಸದೆ ಹೋಗಬಹುದು.

ಆಮೇಲೆ ಕಾವ್ಯಕ್ಕೆ ಬನ್ನಿ. ಆರಂಭದಿಂದ ಓದಲು ಪುರುಸೊತ್ತಿಲ್ಲದಿದ್ದರೆ 2324ನೆಯ ಸಾಲಿನ ಸುತ್ತಮುತ್ತ ಓದಿ. ಐವತ್ತು ವರ್ಷ ನ್ಯಾಯವಾಗಿ ಆಳಿದ ರಾಜನ ಮನೆಯನ್ನು ಡ್ರ್ಯಾಗನ್ ಸುಟ್ಟು ಹಾಕಿದೆ. ಬೇವುಲ್ಫ್ ಮೊದಲು ಯೋಚಿಸುವುದು ಸೇಡನ್ನಲ್ಲ. ಯಾವುದೋ ಪ್ರಾಚೀನ ಕಟ್ಟಳೆಯನ್ನು ಮೀರಿ ತಾನು ದೇವರನ್ನು ಕೆರಳಿಸಿದೆನೇನೋ ಎಂದು ಕೊರಗುತ್ತಾನೆ. ಎಂದೂ ಇಲ್ಲದ ಕತ್ತಲೆ ಅವನ ಎದೆಯಲ್ಲಿ ಕುದಿಯುತ್ತದೆ. ತಪ್ಪು ಯಾವುದೆಂದು ಅವನಿಗೆ ಗೊತ್ತಿಲ್ಲ, ಕವಿಯೂ ಹೇಳುವುದಿಲ್ಲ. 2007ರ ಸಿನಿಮಾ ಈ ಜಾಗದಲ್ಲಿ ಅವನಿಗೆ ಒಂದು ಗುಟ್ಟಿನ ಪಾಪವನ್ನು ಕೊಟ್ಟು, ಕೊರಗಿಗೆ ಕಾರಣವನ್ನು ಒದಗಿಸಿಬಿಟ್ಟಿತು. ಉಳಿದೆರಡು ಈ ಮುಪ್ಪಿನವರೆಗೆ ಬರಲೇ ಇಲ್ಲ. ಕಾರಣ ತಿಳಿಯದೆಯೂ ತನ್ನನ್ನೇ ವಿಚಾರಿಸಿಕೊಂಡು, ಆ ಕೊರಗನ್ನು ಹೊತ್ತುಕೊಂಡೇ ಕಬ್ಬಿಣದ ಗುರಾಣಿ ಮಾಡಿಸಲು ಅಪ್ಪಣೆ ಕೊಡುವ ಆ ಮುದುಕನನ್ನು ತೆರೆಯ ಮೇಲೆ ಕಾಣಬೇಕೆಂದು ನನಗೆ ತೀವ್ರವಾದ ಆಸೆಯಿದೆ. ಮುಂದೆ ಈ ಕಥೆಯನ್ನು ಕೈಗೆತ್ತಿಕೊಳ್ಳುವ ನಿರ್ದೇಶಕರು ಅಲ್ಲಿಂದಲೇ ಶುರು ಮಾಡಲಿ.